ಲೊಂಬೆಯ ಜಾಗದಲ್ಲಿ ಕೂತವಳು

ನನ್ನ ಹೆಸರು ಲೊಂಬೆ ಚಿಸಾಲಾ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಇದೇ ಹೆಸರಿಗೆ ನನ್ನನ್ನ ಕಳ್ಳಿ ಅಂದರು. ಇಪ್ಪತ್ತು ದೇಶದ ಮುನ್ನೂರು ಜನ ಕಾನೂನು ಓದಿದವರ ಎದುರು ಕ್ಷಮೆ ಕೇಳು ಅಂದರು.

ಅವ್ವ ಇಟ್ಟ ಹೆಸರು ಮುಸೊಂಡಾ. ಅದನ್ನೇನೂ ಬಚ್ಚಿಟ್ಟಿಲ್ಲ. ಬಚ್ಚಿಡೋಕೆ ನಾನೇನು ಗಣಿ ಕಂಪನೀನಾ?

ನಾನು ಆಫ್ರಿಕಾದ ಒಂದು ಗಣಿ ಊರಲ್ಲಿ ಕಲ್ಲು ಒಡೆಯೋಳು. ಮುಟೊಂಡೊ ಕೇರಿಯಿಂದ ಟಾರು ರಸ್ತೆಗೆ ಹತ್ತೋ ತಿರುವಿನಲ್ಲಿ ನಮ್ಮ ಕಲ್ಲುಗುಪ್ಪೆಗಳಿವೆ. ಹದಿನಾಲ್ಕು ಹೆಂಗಸರು. ಗಂಡಸರು ಬಂಡೆಗೆ ಬೆಂಕಿ ಹಾಕಿ ಸೀಳಿ ತಂದು ಕೆಡವುತ್ತಾರೆ. ಅದನ್ನ ಮುಷ್ಟಿ ಗಾತ್ರ ಮಾಡಿ, ಮುಷ್ಟಿ ಗಾತ್ರದ್ದನ್ನ ಹೆಬ್ಬೆಟ್ಟು ಗಾತ್ರ ಮಾಡೋರು ನಾವು. ಹಳೇ ಟ್ಯೂಬಿನ ರಬ್ಬರನ್ನ ಬಳೆ ಥರ ಸುತ್ತಿ, ಅದರೊಳಗೆ ಕಲ್ಲು ಹಿಡಿದು ಸುತ್ತಿಗೆ ಬೀಸಬೇಕು. ರಬ್ಬರು ಜಾರಿದರೆ ಚೂರು ಹಾರಿ ಕಣ್ಣಿಗೇ ಬೀಳುತ್ತೆ. ಬಾನಾ ಚಿತಾಲು ಅವರ ಎಡಗಣ್ಣು ಹೋಗಿದ್ದು ಹಾಗೇ.

ಬಾನಾ ಚಿತಾಲು ಅಂದರೆ ಚಿತಾಲುವಿನ ಅವ್ವ. ನಮ್ಮಲ್ಲಿ ಮಗು ಹೆತ್ತವಳನ್ನ ಅವಳ ಹೆಸರು ಹಿಡಿದು ಕೂಗಲ್ಲ. ಮೊದಲ ಮಗುವಿನ ಹೆಸರೇ ಅವಳ ಹೆಸರು. ಆ ಚಿತಾಲು ಆರನೇ ವರ್ಷಕ್ಕೆ ಮೈಯೆಲ್ಲ ಸೆಟೆದುಕೊಂಡು ನಡುಗಿ ನಡುಗಿ ಸತ್ತ. ಹೆಸರು ಮಾತ್ರ ಅವ್ವನ ಮೇಲೆ ಉಳೀತು. ಗುಪ್ಪೆಗೆಲ್ಲ ಅವರೇ ಹಿರಿಯರು. ಬಾಯಿ ಬಿಟ್ಟರೆ ಬೈಗುಳ, ಬೈದು ಮುಗಿಸಿದ ಮೇಲೆ ಒಂದು ತುತ್ತು ಮುದ್ದೆ.

ಚಿತಾಲುವನ್ನ ಕೊಂದಿದ್ದು ಸೀಸ. ಕೇರಿಯ ಬೆನ್ನಿಗೇ ಕರಿಗುಡ್ಡ ಇದೆ. ಗಣಿ ಕಂಪನಿಯೋರು ಎಂಬತ್ತು ವರ್ಷ ನೆಲ ಬಗೆದು ಸೀಸ ತೆಗೆದು, ಉಳಿದಿದ್ದನ್ನ ನಮ್ಮ ಮಗ್ಗುಲಿಗೆ ಸುರಿದು ಹೋದರು. ಆಗಸ್ಟ್ ತಿಂಗಳ ಗಾಳಿಗೆ ಅದು ಎದ್ದು ಬರುತ್ತೆ. ಮುದ್ದೆ ಮೇಲೆ ಕೂರುತ್ತೆ, ನೀರಿನ ಬಕೆಟ್ಟಿಗೆ ಬೀಳುತ್ತೆ, ಬೆನ್ನಿಗೆ ಕಟ್ಟಿದ ಕೂಸಿನ ಬಾಯಿಗೆ ಹೋಗುತ್ತೆ. ಎಷ್ಟು ಗುಡಿಸಿದರೂ ಬೆಳಗ್ಗೆ ಎದ್ದರೆ ಚಾಪೆ ಮೇಲೆ ಕರೀ ಪುಡಿ. ನಮ್ಮ ಮಕ್ಕಳು ತಡವಾಗಿ ನಡೀತಾರೆ. ಕೆಲವರು ನಡೆಯೋದೇ ಇಲ್ಲ.

ನನ್ನ ಅಕ್ಕ ಲೊಂಬೆ ಈ ಕಲ್ಲು ಒಡೆದೇ ಕಾನೂನು ಓದಿದಳು. ಅಂಚೆ ಮೂಲಕ ಓದು, ಕೊನೇ ವರ್ಷ. ಗಂಡ ಅನ್ನಿಸಿಕೊಂಡೋನು ಬೇರೆ ಊರಲ್ಲಿ ಬೇರೆ ಮದುವೆ ಮಾಡ್ಕೊಂಡು ಹೋಗಿದ್ದ. ಮಗಳು ಮ್ವಾಪೆ, ಒಂಬತ್ತು ವರ್ಷ. ಇಪ್ಪತ್ತರ ಮೇಲೆ ಎಣಿಸೋಕೆ ಬರಲ್ಲ. ಬೆಳಗ್ಗೆ ಏನು ತಿಂದೆ ಅಂತ ಮಧ್ಯಾಹ್ನ ಕೇಳಿದರೆ ನಮ್ಮ ಮುಖವನ್ನೇ ನೋಡ್ತಾಳೆ. ತಿಂಗಳಿಗೆ ಎರಡು ಸಲ ಬಿದ್ದು ಒದ್ದಾಡ್ತಾಳೆ. ರಕ್ತ ಶುದ್ಧ ಮಾಡೋ ಔಷಧಿ ಇದೆಯಂತೆ. ಅದು ನಮ್ಮ ಊರಿಗೆ ಬಂದಿಲ್ಲ.

ಅಕ್ಕ ಕೇಸು ಹಾಕಿಸಿದಳು. ಗುಡ್ಡ ತೆಗೀರಿ, ಮಕ್ಕಳಿಗೆ ಔಷಧಿ ಕೊಡಿ ಅಂತ. ಏಳು ವರ್ಷ ಎಳೆದರು. ಕೊನೆಗೆ ನ್ಯಾಯಾಧೀಶರು ಏನಂದರು ಗೊತ್ತಾ? ವಿಷ ಸುರಿದ ಕಂಪನಿ ಮುಚ್ಚಿಹೋಗಿದೆ, ಈಗಿರೋದು ಬೇರೆ ಕಂಪನಿ, ಬೇರೆ ಹೆಸರು, ಇವರ ಮೇಲೆ ಹೊಣೆ ಇಲ್ಲ. ಮೇಲಿನ ಪೀಠದಲ್ಲೂ ಅದೇ ರಾಗ. ಗಣಿಯ ಗೇಟಿಗೆ ಹೋಗಿ ನೋಡಿ. ಬೋರ್ಡಿಗೆ ಮೂರು ಸಲ ಬಣ್ಣ ಬಳಿದಿದ್ದಾರೆ. ಹೊಸ ಅಕ್ಷರದ ಅಡಿಯಿಂದ ಹಳೇ ಅಕ್ಷರ ಇಣುಕುತ್ತೆ. ಅದೇ ಗೇಟು, ಅದೇ ಬೇಲಿ, ಅದೇ ಕಾವಲುಗಾರ. ಹೆಸರು ಮಾತ್ರ ಬೇರೆ.

ಆಗ ಅಕ್ಕನ ಫೋನಿಗೆ ಬಂತು ಆ ಜಾಹೀರಾತು. ಆಫ್ರಿಕಾದ ವಕೀಲರಿಗೆ, ಕಾನೂನು ವಿದ್ಯಾರ್ಥಿಗಳಿಗೆ ಅಂತರರಾಷ್ಟ್ರೀಯ ಕಾನೂನಿನ ತರಬೇತಿ. ಹನ್ನೆರಡು ವಾರ, ಆನ್‌ಲೈನ್, ಪೂರ್ತಿ ಉಚಿತ. ನಡೆಸೋರು ಯೂರೋಪಿನ ಒಂದು ಸಂಸ್ಥೆ. ಆ ಊರಿನ ಹೆಸರು ನನ್ನ ನಾಲಿಗೇಲಿ ಹೊರಳಲ್ಲ, ಹೊರಳಿಸೋ ಆಸೇನೂ ಈಗ ಇಲ್ಲ.

"ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ," ಅಂತ ಬಾನಾ ಚಿತಾಲು ನಕ್ಕರು. "ಬಿಳಿಯರು ಪುಕ್ಕಟೆ ಕೊಟ್ಟಿದ್ದು ಯಾವತ್ತು ಪುಕ್ಕಟೆ ಆಗಿದೆಯೇ ಲೊಂಬೆ?"

ಅಕ್ಕನಿಗೆ ಸರ್ಟಿಫಿಕೇಟ್ ಬೇಕಿರಲಿಲ್ಲ. ಜಾಹೀರಾತಿನ ಕೊನೇ ಸಾಲು ಬೇಕಿತ್ತು. ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ಒಂದು ನಿಜವಾದ ದೂರು ಬರೀಬೇಕು. ಅದರಲ್ಲಿ ಮೂರನ್ನ ಆರಿಸಿ, ಸಂಸ್ಥೆಯ ವಕೀಲರೇ ನಮ್ಮ ಖಂಡದ ಮಾನವ ಹಕ್ಕು ಆಯೋಗದ ಮುಂದೆ ನಡೆಸಿಕೊಡ್ತಾರೆ. ಕಾಸು ತಗೊಳ್ಳಲ್ಲ. ಆ ವಕೀಲರು ಸಿಕ್ಕರೆ ಮ್ವಾಪೆಗೆ ಔಷಧಿ. ಅಷ್ಟೇ ಲೆಕ್ಕ.

ಮೊದಲ ಎರಡು ಪಾಠ ಇಬ್ಬರೂ ಒಂದೇ ಫೋನಿಗೆ ತಲೆ ಕೊಟ್ಟು ಕೇಳಿದ್ವಿ. ಒಂದು ಕಿವಿ ಅವಳದು, ಒಂದು ಕಿವಿ ನನ್ನದು. ಎರಡನೇ ಪಾಠದಲ್ಲಿ, ನಮಗೆ ಕಲಿಸ್ತಿದ್ದ ಪ್ರೊಫೆಸರ್ ಆಲ್ಡರ್ ಹೇಳಿದ: "ಆಯೋಗಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. ವಕೀಲರೇ ಆಗಬೇಕು ಅಂತ ಇಲ್ಲ." ಅಕ್ಕ ನನ್ನ ತೊಡೆ ಚಿವುಟಿ, "ಇದನ್ನ ಬರ್ಕೊ," ಅಂದಳು. ಬರ್ಕೊಂಡೆ.

ಮೂರನೇ ಪಾಠಕ್ಕೆ ಅವಳಿರಲಿಲ್ಲ. ಹೊಟ್ಟೆನೋವು ಅಂದಳು, ಕೈ ಬಿಗಿ ತಪ್ಪಿ ಸುತ್ತಿಗೆ ಬಿತ್ತು. ಚಿಕಿತ್ಸಾಲಯದಲ್ಲಿ ಮಲೇರಿಯಾ ಅಂತ ಬರೆದು ಮಾತ್ರೆ ಕೊಟ್ಟರು. ಐದು ದಿನ. ಮೂವತ್ತಾರು ವರ್ಷದ ಅಕ್ಕನನ್ನ ಹೊತ್ತಾಗ ಹಗುರ ಇದ್ದಳು. ಮಲೇರಿಯಾ ಅಲ್ಲ ಅದು, ಸೀಸ.

ಮಣ್ಣು ಮಾಡಿದ ಮೂರನೇ ದಿನ ನನ್ನನ್ನ ಕೂರಿಸಿದರು. ನಮ್ಮಲ್ಲಿ ಸತ್ತವರ ಜಾಗ ಖಾಲಿ ಬಿಡಲ್ಲ. ರಕ್ತಸಂಬಂಧದಲ್ಲಿ ಒಬ್ಬರನ್ನ ಆರಿಸಿ ಆ ಜಾಗದಲ್ಲಿ ಕೂರಿಸ್ತಾರೆ. ಕೂರಿಸೋನು ಸೋದರಮಾವ. ನಮ್ಮ ಕಫುಲಾ ಮಾವ ಹೊಸ ಚಾಪೆ ಹಾಸಿ, ಲೋಟದಲ್ಲಿ ನೀರು ಕುಡಿಸಿ, ಅಕ್ಕನ ಸೊಂಟದ ಪಟ್ಟಿಯನ್ನ ನನ್ನ ಸೊಂಟಕ್ಕೆ ಬಿಗಿದ.

"ಇವತ್ತಿಂದ ನೀನು ಲೊಂಬೆ," ಅಂದ. "ಅವಳ ಮಗು ನಿನ್ನ ಮಗು. ಅವಳು ಕೊಟ್ಟ ಮಾತು ನಿನ್ನ ಮಾತು. ಅವಳು ಅರ್ಧಕ್ಕೆ ಬಿಟ್ಟ ಜಗಳ ನಿನ್ನ ಜಗಳ. ಲೊಂಬೆ ಅಂತ ಯಾರು ಕರೆದರೂ ಓ ಅನ್ನಬೇಕು."

ಕೇರಿಯವರು ಒಬ್ಬೊಬ್ಬರೇ ಬಂದು ಎದುರಿಗೆ ಕೂತು ಕರೆದರು. "ಲೊಂಬೆ?" ಓ ಅಂದೆ. "ಲೊಂಬೆ?" ಓ ಅಂದೆ. ಮೂರು ದಿನದಿಂದ ಮಾತೇ ಆಡದಿದ್ದ ಮ್ವಾಪೆ ಬಂದು ನನ್ನ ಮಡಿಲಲ್ಲಿ ಕೂತಳು. "ಅಮ್ಮಾ, ಹಸಿವು," ಅಂದಳು. ಅಲ್ಲಿಗೆ ಮುಗೀತು. ನಾನು ಲೊಂಬೆ.

ನಡುವೆ ಒಂದು ವಾರ ಪಾಠಕ್ಕೆ ಬಿಡುವು ಕೊಟ್ಟಿದ್ದರು, ಮಾರನೇ ದಿನ ಮೂರನೇ ಪಾಠ ಇತ್ತು. ಹೋಗಿ ಕೂತೆ. ಯಾರಿಗೂ ಏನೂ ಬರೆದು ತಿಳಿಸಲಿಲ್ಲ. ಏನಂತ ಬರೀಲಿ? ಲೊಂಬೆ ಬಂದಿದ್ದಾಳೆ ಅಂತಲಾ?

ಆ ದಿನದ ಪಾಠ ಕೇಳಿ ಗಟ್ಟಿಯಾಗಿ ನಕ್ಕುಬಿಟ್ಟೆ.

"ಏನೇ ಹಲ್ಲು ಕಿಸೀತೀಯ, ಅಕ್ಕನ್ನ ಮಣ್ಣು ಮಾಡಿ ವಾರ ಆಗಿಲ್ಲ," ಅಂತ ಬಾನಾ ಚಿತಾಲು ಗದರಿಸಿದರು.

"ಇವರೂ ಕೂರಿಸ್ತಾರಂತೆ! ಒಂದು ರಾಜ್ಯ ಸತ್ತರೆ ಅದರ ಜಾಗದಲ್ಲಿ ಇನ್ನೊಂದು ರಾಜ್ಯಾನ ಕೂರಿಸ್ತಾರಂತೆ. ಹಳೇದರ ಗಡಿ, ಒಪ್ಪಂದ, ಎಲ್ಲಾ ಹೊಸದಕ್ಕೆ ಬರುತ್ತಂತೆ. ದೊಡ್ಡ ಪುಸ್ತಕ ಬರೆದಿದ್ದಾರೆ ಇದರ ಮೇಲೆ."

"ಪರವಾಗಿಲ್ವೇ. ಅವರಿಗೂ ಒಂಚೂರು ಬುದ್ಧಿ ಇದೆ ಅನ್ನು," ಅಂದರು ಬಾನಾ ಚಿತಾಲು.

ಹತ್ತು ವಾರ ಹೀಗೇ ಓದಿದೆ. ವಾರಕ್ಕೆರಡು ದಿನ, ಸಂಜೆ ನಾಲ್ಕಕ್ಕೆ. ಕೇರೀಲಿ ಕರೆಂಟು ಇರಲ್ಲ, ಬರೋದು ದಿನಕ್ಕೆ ಮೂರು ಗಂಟೆ. ಕ್ಷೌರದಂಗಡಿಯ ಸೋಲಾರಿನಲ್ಲಿ ಫೋನು ಚಾರ್ಜು ಮಾಡ್ಕೊಂಡು ಬರ್ತಿದ್ದೆ. ಸಿಗ್ನಲ್ಲು ಸಿಗೋದು ಕಲ್ಲುಗುಪ್ಪೆ ಹತ್ರ ಮಾತ್ರ. ಸೊಂಟಕ್ಕೆ ಸುತ್ತೋ ಚಿಟೆಂಗೆ ಬಟ್ಟೇನ ತಲೆ ಮೇಲೆ ಹೊದ್ದು, ಅದರ ನೆರಳಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಕಲ್ಲಿನ ಮೇಲಿಟ್ಟ ನೋಟುಪುಸ್ತಕಕ್ಕೆ ಬರ್ಕೊಳ್ತಿದ್ದೆ. ಕೈ ತುಂಬ ಬೊಕ್ಕೆ. ಪೆನ್ನು ಜಾರೋದು. ಕ್ಯಾಮೆರಾ ಹಾಕ್ಕೊಂಡೇ ಇರಬೇಕು, ಇಲ್ಲದಿದ್ದರೆ ಹಾಜರಿ ಇಲ್ಲ.

ಒಂದು ದಿನ ನಾನು ಪ್ರಶ್ನೆ ಕೇಳಿದೆ. ಪ್ರೊಫೆಸರ್ ಆಲ್ಡರ್ ಮುಖ ಹಿಂಡಿದ. "ಲೊಂಬೆ, ನಿಮ್ಮ ಕಡೆ ಏನೋ ಬಡಿಯೋ ಸದ್ದು. ಮುಂದಿನ ಸಲ ಶಾಂತವಾಗಿರೋ ಕೋಣೇಲಿ ಕೂತ್ಕೊಳ್ಳಿ, ಆಯ್ತಾ?" ಉಳಿದವರು ಮುಗುಳ್ನಕ್ಕರು. ಬೆನ್ನ ಹಿಂದೆ ಪುಸ್ತಕದ ಕಪಾಟು ಇಟ್ಕೊಂಡು ಕೂತವರು.

ಸುತ್ತಿಗೆಯ ಸದ್ದು ಅದು. ಹದಿಮೂರು ಹೆಂಗಸರು ಅವತ್ತಿನ ಊಟ ಬಡೀತಿದ್ದ ಸದ್ದು. ನಾನು ಯಾರಿಗೂ ಹೇಳಲಿಲ್ಲ. ಆದ್ರೆ ಪಕ್ಕದಲ್ಲೇ ಇದ್ದ ಬಾನಾ ಚಿತಾಲು ಕೇಳಿಸ್ಕೊಂಡಿದ್ದರು. ಮುಂದಿನ ಪಾಠಕ್ಕೆ ನಾಲ್ಕು ಗಂಟೆ ಆಗ್ತಿದ್ದ ಹಾಗೆ, "ಇಡ್ರೇ ಕೆಳಗೆ! ನಮ್ಮ ಹುಡುಗಿ ಮಾತಾಡಬೇಕು!" ಅಂತ ಕೂಗಿದರು. ಹದಿಮೂರು ಸುತ್ತಿಗೆ ನಿಂತವು. ಒಂದು ಗಂಟೆ ನಿಂತರೆ ಅರ್ಧ ಗೋಣಿ ಕಲ್ಲು ಕಮ್ಮಿ. ರಾತ್ರಿ ಮುದ್ದೆ ಸಣ್ಣದಾಗುತ್ತೆ. ಆದರೂ ಪ್ರತಿ ಪಾಠಕ್ಕೂ ನಿಲ್ಲಿಸಿದರು. ಆ ಉಚಿತ ತರಬೇತಿಗೆ ಬೆಲೆ ಕೊಟ್ಟವರು ಯಾರು ಅಂತ ಯಾರಾದ್ರೂ ಕೇಳಿದರೆ ಇವರನ್ನ ತೋರಿಸ್ತೀನಿ.

ನಮ್ಮ ದೂರನ್ನ ನಾನು ಬರೆದೆ. ಅಕ್ಕನ ಕಾಗದಗಳು, ಮಕ್ಕಳ ರಕ್ತಪರೀಕ್ಷೆಯ ಚೀಟಿಗಳು, ಕೋರ್ಟಿನ ತೀರ್ಪು ಎಲ್ಲಾ ಮುಂದಿಟ್ಟುಕೊಂಡು ಬರೆದೆ. ಕಂಪನಿ ಹೆಸರು ಬದಲಾಯಿಸಿಕೊಂಡ ಜಾಗಕ್ಕೆ ಬಂದಾಗ ಕೈ ನಿಂತಿತು. ಆಮೇಲೆ ನಮ್ಮ ಕೇರಿಯ ಕಾನೂನನ್ನೇ ಬರೆದುಬಿಟ್ಟೆ: ಸತ್ತವನ ಬಿಲ್ಲುಬಾಣ ತಗೊಂಡವನು ಅವನ ಜಗಳಾನೂ ತಗೋಬೇಕು. ಹಳೇ ಕಂಪನಿಯ ನೆಲ, ಯಂತ್ರ, ಪರವಾನಗಿ ತಗೊಂಡು ಅದೇ ಕುರ್ಚಿ ಮೇಲೆ ಕೂತವರು ಅದರ ವಿಷಾನೂ ತಗೋಬೇಕು.

ದೂರು ಆಯ್ಕೆಯಾಯ್ತು. ಮುನ್ನೂರರಲ್ಲಿ ಮೂರು, ಅದರಲ್ಲಿ ಮೊದಲನೇದು. ಪ್ರೊಫೆಸರ್ ಆಲ್ಡರ್ ಎಲ್ಲರ ಎದುರು ಆ ಸಾಲನ್ನ ಎರಡು ಸಲ ಓದಿದ. "ಈ ವಾದ ಆಫ್ರಿಕಾದ ಮಣ್ಣಿಂದ ಬಂದಿದೆ," ಅಂದ. ಮಣ್ಣಿಂದ ಬಂದಿದ್ದು ಸೀಸ ಸ್ವಾಮಿ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಅವತ್ತು ಗುಪ್ಪೆ ಹತ್ರ ಹೆಂಗಸರು ಕುಣಿದರು. ಕಫುಲಾ ಮಾವ ಒಣಮೀನು ತಂದ. ಮ್ವಾಪೆ ಎರಡು ಮುದ್ದೆ ತಿಂದಳು.

ಆಮೇಲೆ ಗುರುತಿನ ಚೀಟಿ ಕೇಳಿದರು. ನಾನು ಮುಚ್ಚುಮರೆ ಇಲ್ಲದೆ ಎರಡೂ ಚೀಟಿ ಕಳಿಸಿದೆ. ಅಕ್ಕನದು, ನನ್ನದು. ಜೊತೆಗೆ ಎರಡು ಸಾಲು: ಹುಟ್ಟಿದ ಹೆಸರು ಮುಸೊಂಡಾ. ಅಕ್ಕ ಸತ್ತ ಮೇಲೆ ಕೂರಿಸಿದ ಹೆಸರು ಲೊಂಬೆ. ಇದರಲ್ಲಿ ತಪ್ಪೇನಿದೆ ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮ ಜಿಲ್ಲೇಲಿ ಯಾರಿಗೂ ಹೊಳೆಯಲ್ಲ.

ಎರಡೇ ದಿನಕ್ಕೆ ಫೋನು ಬಂತು. ಬಾ ಸಿಚೋನೆ ಅಂತ, ನಮ್ಮ ರಾಜಧಾನಿಯ ವಕೀಲರು, ನಮ್ಮ ದೇಶದಲ್ಲಿ ಆ ಸಂಸ್ಥೆಯ ಪ್ರತಿನಿಧಿ. ಹೆಸರಿನ ಮುಂದೆ 'ಬಾ' ಸೇರಿಸೋದು ನಮ್ಮಲ್ಲಿ ಮರ್ಯಾದೆ. ಮರ್ಯಾದೆ ಕೊಟ್ಟೇ ಮಾತಾಡಿದೆ.

"ಯಾರಮ್ಮಾ ನೀನು?" ಅಂದರು.

"ಲೊಂಬೆ ಚಿಸಾಲಾ."

"ಅವಳು ಸತ್ತಿದ್ದಾಳೆ. ನೀನೇ ಬರೆದಿದ್ದೀಯ. ಸತ್ತವಳ ಹೆಸರಲ್ಲಿ ಹತ್ತು ವಾರ ಕೂತು ಪಾಠ ಕೇಳಿದ್ದೀಯ. ಇದಕ್ಕೆ ಏನಂತಾರೆ ಗೊತ್ತಾ? ಕಳ್ಳತನ. ನೀನು ವಕೀಲೆಯಲ್ಲ, ವಿದ್ಯಾರ್ಥಿಯಲ್ಲ. ಏನು ಕೆಲಸ ನಿನ್ನದು?"

"ಕಲ್ಲು ಒಡೀತೀನಿ."

ಆ ಕಡೆಯಿಂದ ಒಂದು ನಗು ಬಂತು. ಆ ನಗುವನ್ನ ನಾನು ಸಾಯೋವರೆಗೂ ಮರೆಯಲ್ಲ.

"ಬಾ ಸಿಚೋನೆ," ಅಂದೆ, "ನಿಮ್ಮ ಮನೇಲಿ ಯಾರನ್ನೂ ಯಾರ ಜಾಗದಲ್ಲೂ ಕೂರಿಸಿಲ್ವಾ?"

ಅವರು ದನಿ ಇಳಿಸಿ, "ನನ್ನನ್ನೂ ತಾತನ ಜಾಗದಲ್ಲಿ ಕೂರಿಸಿದ್ದಾರೆ. ಊರಿಗೆ ಹೋದರೆ ಮುದುಕಿಯರು ಮಂಡಿಯೂರಿ ತಾತಾ ಅಂತಾರೆ. ಆದ್ರೆ ಅದು ಊರಿನ ಮಾತಮ್ಮಾ. ಇದು ಅಂತರರಾಷ್ಟ್ರೀಯ ಕಾನೂನು," ಅಂದರು.

"ಊರಲ್ಲಿ ತಾತ, ರಾಜಧಾನೀಲಿ ಮೊಮ್ಮಗ. ಚೆನ್ನಾಗಿದೆ."

"ನಾಲಿಗೆ ಬಿಗಿ ಹಿಡಿ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ದೂರು ಚೆನ್ನಾಗಿದೆ, ಅವರು ಬಿಡೋಕೆ ತಯಾರಿಲ್ಲ. ಶುಕ್ರವಾರ ಸಮಾರೋಪ. ನಾನೊಂದು ಪತ್ರ ಕಳಿಸ್ತೀನಿ. ಅದನ್ನ ಕ್ಯಾಮೆರಾ ಮುಂದೆ ಓದು. ನಾನು ಲೊಂಬೆ ಅಲ್ಲ, ಸತ್ತವಳ ಹೆಸರನ್ನ ಮೋಸದಿಂದ ಬಳಸಿದೆ, ಕ್ಷಮಿಸಿ ಅಂತ. ಆಮೇಲೆ ದೂರನ್ನ ಸಂಸ್ಥೆಯವರೇ ತಮ್ಮವರೊಬ್ಬರ ಹೆಸರಲ್ಲಿ ನಡೆಸ್ತಾರೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಮೋಸ ಅನ್ನೋ ಮಾತು ಬಿಟ್ಟು, ನಡೆದಿದ್ದನ್ನ ನಡೆದ ಹಾಗೇ ಓದ್ತೀನಿ. ಹುಟ್ಟಿದ ಹೆಸರು ಇದು, ಕೂರಿಸಿದ ಹೆಸರು ಇದು ಅಂತ."

"ಅವರ ಅರ್ಜೀಲಿ ಹೆಸರಿಗೆ ಒಂದೇ ಜಾಗ ಇರೋದು," ಅಂದು ಫೋನಿಟ್ಟರು.

ಒಂದೇ ಜಾಗವಂತೆ. ಗಣಿ ಗೇಟಿನ ಬೋರ್ಡಿನ ಮೇಲೆ ಮೂರು ಹೆಸರಿಗೆ ಜಾಗ ಇದೆ.

ಕಫುಲಾ ಮಾವನಿಗೆ ಹೇಳಿದೆ. ಬೈತಾನೆ ಅಂದುಕೊಂಡೆ. ಅವನು ತಲೆ ತಗ್ಗಿಸಿದ. "ಓದಿಬಿಡು ಮಗಾ," ಅಂದ.

"ಕೂರಿಸಿದೋನು ನೀನೇ ಅಲ್ವಾ ಮಾವ?"

"ನಾನೇ. ಆದ್ರೆ ಆ ಕೂಸು ಬಿದ್ದು ಒದ್ದಾಡೋದು ನೋಡೋಕಾಗಲ್ಲ ಕಣೇ. ಅವರ ಮುಂದೆ ಅಲ್ಲ ಅನ್ನು. ಮನೇಲಿ ನೀನು ಲೊಂಬೇನೇ. ಮಾತು ತಾನೇ, ಏನು ಕಳ್ಕೊಳ್ತೀಯ?" ಅಂದು ಅತ್ತ. ಎಪ್ಪತ್ತು ವರ್ಷದ ಮನುಷ್ಯ, ಗಣಿಯೊಳಗೆ ಮೂವತ್ತು ವರ್ಷ ದುಡಿದೋನು, ನನ್ನ ಮುಂದೆ ಮೂಗು ಒರೆಸ್ಕೊಂಡ.

ಓದೋಣ ಅಂತಲೇ ತೀರ್ಮಾನ ಮಾಡಿದೆ. ಸುಳ್ಳು ಹೇಳಲ್ಲ. ನಾನೇನು ದೊಡ್ಡ ಶೂರೆಯಲ್ಲ. ಔಷಧಿ ಸಿಗುತ್ತೆ ಅಂದರೆ ಯಾವ ತಾಯಿ ಓದಲ್ಲ?

ಶುಕ್ರವಾರ ಮಧ್ಯಾಹ್ನ ಮನೇಲಿ ಕೂತು, ಫೋನಿಗೆ ಬಂದ ಆ ಪತ್ರಾನ ಕಾಗದಕ್ಕಿಳಿಸಿ ಅಭ್ಯಾಸ ಮಾಡ್ತಿದ್ದೆ. ನಾಲಿಗೆ ತಡವರಿಸ್ತಿತ್ತು, ಅದಕ್ಕೆ ಜೋರಾಗಿ ಓದ್ತಿದ್ದೆ. ನಾನು ಲೊಂಬೆ ಚಿಸಾಲಾ ಅಲ್ಲ. ಲೊಂಬೆ ಚಿಸಾಲಾ ಸತ್ತಿದ್ದಾಳೆ. ನಾನು ಲೊಂಬೆ ಅಲ್ಲ.

ಬಾಗಿಲಲ್ಲಿ ಮ್ವಾಪೆ ನಿಂತಿದ್ದಳು.

"ನಮ್ಮಮ್ಮ ಸತ್ತುಹೋದ್ಲಾ?" ಅಂದಳು.

ಓದೋದು ನಿಲ್ಲಿಸಿ ಕಾಗದ ಮಡಚಿದೆ.

"ಯಾವಾಗ ಸತ್ಲು? ನಂಗ್ಯಾಕೆ ಯಾರೂ ಹೇಳಲಿಲ್ಲ?" ಅಂದಳು.

ಅವಳಿಗೆ ನೆನಪಿಲ್ಲ. ಮಣ್ಣು ಮಾಡಿದ್ದು ನೆನಪಿಲ್ಲ. ಅತ್ತಿದ್ದು ನೆನಪಿಲ್ಲ. ಸೀಸ ಅದನ್ನೂ ತಿಂದಿದೆ. ಅವಳಿಗೆ ಗೊತ್ತಿರೋದು ಒಂದೇ, ಲೊಂಬೆ ಅಂತ ಕರೆದರೆ ಓ ಅನ್ನೋಳು ಒಬ್ಬಳು ಮನೇಲಿದ್ದಾಳೆ. ಅವಳು ನನ್ನ ಹತ್ರ ಬರಲಿಲ್ಲ. ಗೋಡೆಗೆ ಒರಗಿ, ಯಾರೋ ಹೊಸಬರು ಮನೆಗೆ ಬಂದಿದ್ದಾರೆ ಅನ್ನೋ ಹಾಗೆ ನನ್ನನ್ನ ನೋಡಿದಳು.

ಪತ್ರವನ್ನ ಒಲೆಗೆ ಹಾಕಿದೆ. "ಬಾ ಇಲ್ಲಿ," ಅಂದೆ. "ಕರಿ ನನ್ನ."

"ಅಮ್ಮಾ?" ಅಂದಳು, ಅನುಮಾನದಿಂದ.

"ಓ," ಅಂದೆ.

ನಾಲ್ಕು ಗಂಟೆಗೆ ಗುಪ್ಪೆ ಹತ್ರ ಕೂತೆ. ಬಾನಾ ಚಿತಾಲು ಸುತ್ತಿಗೆಗಳನ್ನ ನಿಲ್ಲಿಸಿದರು. ಫೋನಿನ ತುಂಬ ಸಣ್ಣ ಸಣ್ಣ ಚೌಕದಲ್ಲಿ ಮುಖಗಳು. ಪ್ರೊಫೆಸರ್ ಆಲ್ಡರ್ ಜೇನು ಸುರಿಯೋ ದನೀಲಿ, "ನಮ್ಮ ಒಬ್ಬ ಸಹಭಾಗಿಗೆ ಒಂದು ಮಾತು ಹೇಳೋದಿದೆ. ಅವರ ಧೈರ್ಯ ಮೆಚ್ಚೋಣ. ಹೇಳಿ ಮುಸೊಂಡಾ," ಅಂದ.

ನಾನು ತಲೆ ಮೇಲಿನ ಚಿಟೆಂಗೆ ಸರಿಮಾಡ್ಕೊಂಡೆ.

"ಮುಸೊಂಡಾ? ಕೇಳಿಸ್ತಿದೆಯಾ?"

"ಆ ಹೆಸರಿನವರು ಇಲ್ಲಿ ಇಲ್ಲ," ಅಂದೆ. "ನಾನು ಲೊಂಬೆ ಚಿಸಾಲಾ. ಮುಸೊಂಡಾ ಆಗಿ ಹುಟ್ಟಿದೆ, ಲೊಂಬೆಯಾಗಿ ಕೂತಿದ್ದೀನಿ. ನಿಮ್ಮ ಮೂರನೇ ಪಾಠದಲ್ಲಿ ನೀವೇ ಹೇಳಿದಿರಿ, ರಾಜ್ಯ ಸತ್ತರೆ ಅದರ ಜಾಗದಲ್ಲಿ ಇನ್ನೊಂದು ಕೂರುತ್ತೆ ಅಂತ. ನಮ್ಮ ದೇಶದ ಗಡಿ ಎಳೆದೋರು ಸತ್ತು ಎಷ್ಟು ವರ್ಷ ಆಯ್ತು, ಆ ಗಡಿ ಇವತ್ತಿಗೂ ನಮ್ಮ ಮೇಲಿದೆ. ರಾಜ್ಯ ಕೂತರೆ ಕಾನೂನು. ಕಂಪನಿ ಕೂತರೆ ವ್ಯಾಪಾರ. ಕಲ್ಲು ಒಡೆಯೋ ಹೆಂಗಸು ಕೂತರೆ ಕಳ್ಳತನಾನಾ?"

"ನೋಡಿ, ನಾವು ನಿಮ್ಮ ಸಂಸ್ಕೃತೀನ ಗೌರವಿಸ್ತೀವಿ..."

"ಗೌರವಿಸಬೇಡಿ. ಒಪ್ಕೊಳ್ಳಿ. ನನ್ನ ಸಾಲನ್ನ ಎರಡು ಸಲ ಓದಿ ಚಪ್ಪಾಳೆ ಹೊಡೆಸಿದಿರಲ್ಲ, ಆ ಸಾಲು ನಾನೇ. ಸಾಲು ಬೇಕು, ನಾನು ಬೇಡವಾ? ನನ್ನ ಮಗಳ ಕಿವಿಗೆ ಬೀಳೋ ಹಾಗೆ ಅವಳ ತಾಯಿ ಸತ್ತಳು ಅಂತ ನನ್ನ ಬಾಯಲ್ಲೇ ಹೇಳಿಸ್ತೀರಾ? ಹೇಳಲ್ಲ. ನಿಮ್ಮ ವಕೀಲರೂ ಬೇಡ, ನಿಮ್ಮ..."

ದನಿ ಕತ್ತರಿಸಿದರು. ನನ್ನ ಬಾಯಿ ಆಡ್ತಿತ್ತು, ಅಲ್ಲಿ ಯಾರಿಗೂ ಕೇಳಿಸ್ತಿರಲಿಲ್ಲ. ಆಮೇಲೆ ನನ್ನನ್ನೇ ಹೊರಗೆ ಹಾಕಿದರು. ಕರೀ ಪರದೇಲಿ ಧೂಳು ಮೆತ್ತಿದ ನನ್ನ ಮುಖ ಕಾಣಿಸ್ತು.

"ಮುಗೀತಾ?" ಅಂದರು ಬಾನಾ ಚಿತಾಲು.

"ಮುಗೀತು. ಪುಕ್ಕಟೆ ವಕೀಲರು ಹೋದರು."

"ಹೋಗಲಿ ಬಿಡು. ಆ ಎರಡನೇ ಪಾಠದಲ್ಲಿ ಏನೋ ಬರ್ಕೊಂಡಿದ್ಯಲ್ಲ, ಅದನ್ನ ಓದು."

ಓದಿದೆ. ಯಾರು ಬೇಕಾದರೂ ದೂರು ಕೊಡಬಹುದು. ವಕೀಲರೇ ಆಗಬೇಕು ಅಂತ ಇಲ್ಲ.

ಒಂದು ವಾರ ಕೂತು ದೂರನ್ನ ಮತ್ತೆ ಕೈಯಲ್ಲಿ ಬರೆದ್ವಿ. ದೂರುದಾರರು ಅನ್ನೋ ಕಡೆ ನನ್ನೊಬ್ಬಳ ಹೆಸರು ಬರೆಯೋಕೆ ಹೋದೆ. ಪಕ್ಕದ ಗುಪ್ಪೆಯವಳು, "ನಾನೂ ನಮ್ಮ ಸೋದರತ್ತೆ ಜಾಗದಲ್ಲಿ ಕೂತೋಳೇ ಕಣೇ, ಅವರೂ ಇದೇ ವಿಷಕ್ಕೆ ಹೋದೋರು, ಬರಿ," ಅಂದಳು. ಇನ್ನೊಬ್ಬಳು ಬಂದಳು. ಸತ್ತ ಗಣಿ ಕೂಲಿಯೊಬ್ಬನ ಮೊಮ್ಮಗ ಬಂದ. ಕಫುಲಾ ಮಾವ ತನ್ನ ಅಣ್ಣನ ಜಾಗದಲ್ಲಿ ಕೂತೋನು, ಅವನೂ ಬಂದು, ನನ್ನ ಮುಖ ನೋಡದೆ, "ಬರ್ಕೊ ಲೊಂಬೆ," ಅಂದ. ಮೂವತ್ತೊಂದು ಹೆಸರಾಯ್ತು. ಎಲ್ಲಾ ಸೀಸಕ್ಕೆ ಸತ್ತವರ ಹೆಸರು. ಪ್ರತಿ ಹೆಸರಿನ ಎದುರು ಅವರ ಜಾಗದಲ್ಲಿ ಕೂತವರ ಹುಟ್ಟುಹೆಸರು, ಸಹಿ. ಎಲ್ಲಾ ಬಿಚ್ಚಿ ಬರೆದ್ವಿ. ಮುಚ್ಚಿಡೋದು ನಮ್ಮ ಕಸುಬಲ್ಲ.

ಅಂಚೆಗೆ ಹಾಕಿದ ನಾಲ್ಕನೇ ತಿಂಗಳು ಆಯೋಗದಿಂದ ಕಾಗದ ಬಂತು. ದೂರಿಗೆ ನಂಬರು ಬಿದ್ದಿದೆ ಅಂತ. ಸರ್ಕಾರಕ್ಕೂ ಪ್ರತಿ ಹೋಗಿದೆ ಅಂತ. ಗೆದ್ದ್ವಿ ಅಂತಲ್ಲ. ವರ್ಷಗಟ್ಟಲೆ ಎಳೆಯುತ್ತೆ, ಗೊತ್ತು. ಮ್ವಾಪೆಗೆ ಇನ್ನೂ ಔಷಧಿ ಇಲ್ಲ. ಮೊನ್ನೇನೂ ಬಿದ್ದಳು.

ಅದಾದ ಮೂರನೇ ದಿನ ಬಾ ಸಿಚೋನೆ ಫೋನು ಮಾಡಿದರು. ಸುತ್ತಿಗೆ ಬಿಡೋಕಾಗದೆ ಫೋನನ್ನ ಕಲ್ಲಿನ ಮೇಲಿಟ್ಟು ಸ್ಪೀಕರು ಹಾಕಿದೆ.

"ನಿಮ್ಮ ದೂರಿನ ಪ್ರತಿ ಈಗ ನನ್ನ ಮುಂದಿದೆ," ಅಂದರು. ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ. ಈಗ ಸರ್ಕಾರದ ಕಡೆಗೆ ಕೆಲಸ ಮಾಡ್ತಿದ್ದಾರೋ ಏನೋ, ಅಲ್ಲಿಂದಲೇ ಬಂದಿರಬೇಕು. "ಏನಮ್ಮಾ ಇದು, ಪೂರ್ತಿ ಸ್ಮಶಾನದ ಪಟ್ಟಿ! ನಾಳೆ ವಿಚಾರಣೇಲಿ ಈ ಹೆಸರು ಕರೆದರೆ ಯಾರು ಬರ್ತಾರೆ?"

"ಕರೆದು ನೋಡಿ."

ತಮಾಷೆ ಅಂದುಕೊಂಡರೋ ಏನೋ. ಗಂಟಲು ಸರಿಮಾಡಿಕೊಂಡು ಕೋರ್ಟಿನ ದಫೇದಾರನ ಥರ ರಾಗವಾಗಿ ಕರೆದರು. "ಲೊಂಬೆ ಚಿಸಾಲಾ!"

"ಓ," ಅಂದೆ.

"ಕಸೊಂಡೆ ಮುಂಬಾ!"

ಪಕ್ಕದ ಗುಪ್ಪೆಯಿಂದ, "ಓ!"

"ಎನ್‌ಗೋಸಾ ಕಪಾಂಪಾ!"

ರಸ್ತೆ ಆಚೆಯಿಂದ, "ಓ!"

ಸುತ್ತಿಗೆಗಳು ಒಂದೊಂದೇ ನಿಂತವು. ಯಾರೂ ನಿಲ್ಲಿಸಿ ಅನ್ನಲಿಲ್ಲ. ಬಾ ಸಿಚೋನೆ ಅವರ ದನಿಯಿಂದ ರಾಗ ಹೋಗಿತ್ತು. ಆರನೇ ಹೆಸರಿಗೂ ಓ ಬಂತು. ಏಳನೇದಕ್ಕೆ ತಡೆದರು.

"ಚಿತಾಲು ಬ್ವಾಲ್ಯಾ. ಆರು ವರ್ಷ," ಅಂತ ಓದಿದರು. ಆಮೇಲೆ ಜೋರಾಗಿ, "ಇಲ್ಲಿ ಸಿಕ್ಕಿಬಿದ್ರಿ ನೋಡಿ! ಮಕ್ಕಳ ಜಾಗದಲ್ಲಿ ಯಾರನ್ನೂ ಕೂರಿಸಲ್ಲ. ನನಗೂ ಪದ್ಧತಿ ಗೊತ್ತಮ್ಮಾ. ಇದರ ಎದುರು ಸಹಿ ಹಾಕಿರೋರು ಯಾರು? ಈ ಹುಡುಗನನ್ನ ಕರೆದರೆ ಓ ಅನ್ನೋರು ಯಾರು?" ಅಂದರು.

ಬಾನಾ ಚಿತಾಲು ಎದ್ದು ಬಂದರು. ಸೊಂಟ ಹಿಡಿದು ಬಗ್ಗಿ ಫೋನು ಎತ್ತಿಕೊಂಡು, ಇರೋ ಒಂದು ಕಣ್ಣಿನ ಹತ್ರ ಹಿಡಿದು ನೋಡಿ, ಬಾಯಿಗೆ ತಂದುಕೊಂಡರು.

"ಇಪ್ಪತ್ತೆಂಟು ವರ್ಷದಿಂದ ಊರೆಲ್ಲ ನನ್ನನ್ನ ಆ ಮಗುವಿನ ಹೆಸರು ಹಿಡಿದೇ ಕರೀತಿದೆ. ಅದು ಹೋಗಿ ಇಪ್ಪತ್ತೆರಡು ವರ್ಷ ಆಯ್ತು. ಒಂದು ದಿನಾನೂ ಓ ಅನ್ನದೆ ಇದ್ದಿಲ್ಲ," ಅಂದರು. "ಇನ್ನೊಂದು ಸಲ ಕರಿ ಮಗಾ. ಜೋರಾಗಿ ಕರಿ."

ಬಾ ಸಿಚೋನೆ ಕರೆಯಲಿಲ್ಲ.